ಶುದ್ಧ ಬಂದವನ ಅಪರಾಧ

ಕಂತು ಏಳು

"ಆ ದಿಂಬು ಇಲ್ಲಿ ಕೊಡಪ್ಪ," ಎಂದರು ಇನ್‌ಸ್ಪೆಕ್ಟರಮ್ಮ.

ಮನೆಯಲ್ಲೆಲ್ಲ ಸೈಕಲ್ ಎಂದೇ ಹೆಸರಾದ ಹುಡುಗ ಕೊಡಲಿಲ್ಲ. ಮಂಚದ ತುದಿಯಲ್ಲಿ ಕುಳಿತಿದ್ದವನು ಒಳ್ಳೆಯ ಕೈಯಿಂದ ದಿಂಬನ್ನು ಇನ್ನಷ್ಟು ಬೆನ್ನ ಹಿಂದಕ್ಕೆ ತಳ್ಳಿದ. ಇನ್ನೊಂದು ಕೈ ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯೊಳಗಿತ್ತು.

"ದಿಂಬಿನಲ್ಲಿ ಏನಿರತ್ತೆ ಮೇಡಂ. ಹತ್ತಿ."

"ಹತ್ತೀನೇ ನೋಡ್ತೀನಿ. ಜನ ಮಾತ್ರೆಯನ್ನ ಹತ್ತಿ ಒಳಗೂ ಇಟ್ಟಿದ್ದಾರೆ, ಗಡಿಯಾರದ ಒಳಗೂ ಇಟ್ಟಿದ್ದಾರೆ. ಒಬ್ಬ ಮಹಾನುಭಾವ ಹೆಂಡತಿ ಜಡೆಯೊಳಗೆ ಸೇರಿಸಿ ಹೆಣೆದಿದ್ದ. ಕೊಡು."

ಔಷಧ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದ ಆಕೆಯನ್ನು ಈ ಮನೆಗೆ ಕರೆತಂದದ್ದು ಒಂದು ತಲೆಕೆಳಗಾದ ದೂರು. ಕೊರಳೆಲುಬು ಮುರಿದು, ವೈದ್ಯರು ಬರೆದುಕೊಟ್ಟ ಬಲವಾದ ನೋವಿನ ಮಾತ್ರೆ ನುಂಗುತ್ತಿದ್ದ ಹುಡುಗನ ಮೂತ್ರಪರೀಕ್ಷೆಯಲ್ಲಿ ಆ ಮಾತ್ರೆಯ ಸುಳಿವೇ ಇರಲಿಲ್ಲ.

ವ್ಯಸನ ಬಿಟ್ಟು ಓದಿಗೆ ಮರಳಿದ ಎಂಟು ವಿದ್ಯಾರ್ಥಿಗಳು ಒಟ್ಟಿಗೆ ಬದುಕುವ ಮನೆ ಅದು. ಉಳಿದವರಿಗೆಲ್ಲ ಮೂತ್ರಪರೀಕ್ಷೆ ಶುದ್ಧ, ಅಂದರೆ ಮಾದಕದ ಸುಳಿವಿಲ್ಲದೆ, ಬಂದರೆ ಬೆನ್ನು ತಟ್ಟುತ್ತಾರೆ. ಸೈಕಲ್‌ಗೆ ಶುದ್ಧ ಬಂದದ್ದೇ ಅಪರಾಧವಾಗಿತ್ತು. ಮಾತ್ರೆಯನ್ನು ನಾಲಿಗೆಯಡಿ ಅಡಗಿಸಿ, ಆಮೇಲೆ ಉಗಿದು, ಒಂದೇ ಸಲ ನುಂಗಲು ಕೂಡಿಟ್ಟಿದ್ದಾನೆ ಎಂಬುದು ಮನೆಯ ಮೇಲ್ವಿಚಾರಣಾ ಸಮಿತಿಯ ಅನುಮಾನ. ನಾಳೆ ಬೆಳಿಗ್ಗೆ ಹತ್ತಕ್ಕೆ ಸಮಿತಿ ಸೇರುತ್ತದೆ. ತಪ್ಪಿತಸ್ಥ ಎಂದರೆ ಮಧ್ಯಾಹ್ನದೊಳಗೆ ಅವನು ಮನೆ ಬಿಡಬೇಕು. ಮನೆ ಬಿಟ್ಟರೆ ಮುಂದಿನ ವಾರದ ಕೊನೆಯ ವರ್ಷದ ಪರೀಕ್ಷೆಗೆ ಕೂರುವ ಅನುಮತಿಯೂ ಹೋಗುತ್ತದೆ. ಕಾಲೇಜು ಅವನನ್ನು ವಾಪಸ್ ಸೇರಿಸಿಕೊಂಡದ್ದೇ ಆ ಷರತ್ತಿನ ಮೇಲೆ.

ಸೈಕಲ್ ದಿಂಬು ಕೊಟ್ಟ.

ಇನ್‌ಸ್ಪೆಕ್ಟರಮ್ಮ ಅದನ್ನು ಹಿಸುಕಲಿಲ್ಲ, ಹೊಲಿಗೆ ಬಿಚ್ಚಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕು ಮೂಲೆಗಳನ್ನು ನೋಡಿದರು. ಮೂರು ಮೂಲೆ ಸರಿಯಾಗಿದ್ದವು. ನಾಲ್ಕನೆಯದರ ಬಟ್ಟೆ ಎಳೆಎಳೆಯಾಗಿತ್ತು. ಅದರ ಮೇಲೆ ಹಲ್ಲಿನ ಗುರುತು.

"ಯಾವಾಗಿನಿಂದ ಕಚ್ತಿದೀಯ?"

ಹುಡುಗ ನೆಲ ನೋಡಿದ.

"ನಿನ್ನನ್ನೇ ಕೇಳ್ತಿರೋದು."

"ಶುಕ್ರವಾರದಿಂದ. ಆಸ್ಪತ್ರೆಯಿಂದ ಬಂದ ಸಂಜೆಯಿಂದ."

"ಮಾತ್ರೆ ನುಂಗಿದ ಮೇಲೂ?"

"ಮೇಲೂ."

"ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಒಬ್ಬರಿಗಾದ್ರೂ ಹೇಳಬೇಕು ಅನ್ನಿಸಲಿಲ್ವಾ?"

ಸೈಕಲ್ ನಕ್ಕ. ನಗುವಿಗೆ ಹೆಗಲು ಅಲುಗಿ, ನಗು ಅರ್ಧಕ್ಕೇ ನಿಂತಿತು. "ಹೇಗೆ ಹೇಳಲಿ ಮೇಡಂ? 'ಮಾತ್ರೆ ಸಾಲ್ತಿಲ್ಲ, ಇನ್ನೂ ನೋವಿದೆ' ಅನ್ನೋ ಮಾತನ್ನ ಎರಡು ವರ್ಷದ ಹಿಂದೆ ನಾನೇ ಮೂರು ಡಾಕ್ಟರ ಹತ್ತಿರ ಹೇಳಿದ್ದೆ. ಮೂರೂ ಸುಳ್ಳು. ಮೂವರೂ ನಂಬಿ ಬರೆದುಕೊಟ್ರು. ಈಗ ಅದೇ ಮಾತು ನಿಜವಾಗಿ ಹೇಳಬೇಕಾಗಿ ಬಂತು. ಬಾಯಿ ಬರಲಿಲ್ಲ."

"ಅದಕ್ಕೆ ದಿಂಬು ಕಚ್ಚಿದೆ."

"ದಿಂಬು ಯಾರಿಗೂ ಹೇಳಲ್ಲ."

ಇನ್‌ಸ್ಪೆಕ್ಟರಮ್ಮನ ಮನಸ್ಸಿನಲ್ಲಿ ಒಂದು ಲೆಕ್ಕ ಮುಗಿಯಿತು. ಕೈಗೆಟುಕುವಲ್ಲಿ ಮಾತ್ರೆ ಕೂಡಿಟ್ಟುಕೊಂಡವನು ಇಷ್ಟು ದಿನ ದಿಂಬು ಕಚ್ಚಿಕೊಂಡು ಮಲಗುವುದಿಲ್ಲ. ಆದರೆ ದಿಂಬಿನ ಮೂಲೆಯನ್ನು ಸಮಿತಿಯ ಮುಂದೆ ಸಾಕ್ಷಿಯೆಂದು ಇಡಲಾಗದು.

"ಏಳು ಗಂಟೆಗೆ ಮೂಳೆ ಡಾಕ್ಟರು ಇಲ್ಲಿಗೇ ಬರ್ತಾರೆ. ಅವರಿಗೆ ಆ ಮಾತು ಹೇಳು. ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದು ಹೇಳಿ ಕೆಳಗಿಳಿದರು.

*

ಮನೆಗೆ 'ಅಂಚೆಮನೆ' ಎಂದೇ ಹೆಸರು. ಹಿಂದೆ ಅದು ಅಂಚೆ ಕಚೇರಿಯಾಗಿತ್ತು. ನಡುಮನೆಯಲ್ಲಿ ಸರಳು ಹಾಕಿದ ಕೌಂಟರ್ ಇನ್ನೂ ಇದೆ. ಸ್ಟಾಂಪು ಮಾರುತ್ತಿದ್ದ ಕಿಂಡಿಯ ಹಿಂದೆ ಈಗ ಎರಡು ಬೀಗದ ಔಷಧಿ ಪೆಟ್ಟಿಗೆ.

ಮೂರು ದಿನಗಳಿಂದ ಇನ್‌ಸ್ಪೆಕ್ಟರಮ್ಮ ಈ ಮನೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದರು. ಕಳ್ಳತನ ಹುಡುಕಲು ಬಂದವರು ಬೇರೇನನ್ನೋ ಕಂಡು ಸುಮ್ಮನಾಗಿದ್ದರು. ಯಾವ ಕೋಣೆಗೂ ಒಳಚಿಲಕವಿಲ್ಲ. ಹಳೆಯ ಚಟದ ಸೆಳೆತ ಕಾಡಿದವನು ಯಾವ ಹೊತ್ತಿಗೆ ಯಾರ ಬಾಗಿಲು ತಟ್ಟಿದರೂ ಒಳಗಿನವನು ಎದ್ದು ಚಪ್ಪಲಿ ಮೆಟ್ಟಬೇಕು, ತಟ್ಟಿದವನ ಜೊತೆ ಒಂದು ಸುತ್ತು ನಡೆದುಬರಬೇಕು. ಏಕೆ ಎಂದು ಕೇಳುವಂತಿಲ್ಲ. ನಿನ್ನೆ ಬೆಳಿಗ್ಗೆ ಐದಕ್ಕೆ ಇಬ್ಬರು ಹುಡುಗರು ಒಂದೂ ಮಾತಾಡದೆ ಬೀದಿಯ ಕೊನೆಯವರೆಗೆ ಹೋಗಿ ಬಂದದ್ದನ್ನು ಆಕೆ ಕಿಟಕಿಯಿಂದ ನೋಡಿದ್ದರು. ವಾಪಸ್ ಬಂದವರು ಒಬ್ಬರಿಗೊಬ್ಬರು ಥ್ಯಾಂಕ್ಸ್ ಕೂಡ ಹೇಳಿಕೊಳ್ಳಲಿಲ್ಲ. ಒಬ್ಬ ಪಾತ್ರೆ ತೊಳೆಯಲು ಹೋದ, ಇನ್ನೊಬ್ಬ ಓದಲು ಕೂತ. ತಮ್ಮ ಇಲಾಖೆಯ ನೌಕರರ ಸಂಘದಲ್ಲೂ ಇಂಥ ಶಿಸ್ತು ಕಂಡಿರಲಿಲ್ಲ ಎಂದು ಆಕೆಗೆ ಅನ್ನಿಸಿತ್ತು.

ಔಷಧಿ ಕೊಡುವುದಕ್ಕೂ ಒಂದು ಪದ್ಧತಿಯಿತ್ತು. ಒಬ್ಬ ಎಣಿಸುತ್ತಾನೆ, ಒಬ್ಬ ಬರೆಯುತ್ತಾನೆ. ಕೀಲಿ ಇಬ್ಬರ ಬಳಿ ಒಂದೊಂದು. ಪ್ರತಿ ಭಾನುವಾರ ಒಂದು ಕೀಲಿಯ ಪಾಳಿ ಬದಲಾಗುತ್ತದೆ. ಪೆಟ್ಟಿಗೆ ತೆರೆದಿರುವಷ್ಟು ಹೊತ್ತೂ ಔಷಧಿ ಬೇಕಾದವನು ಗೋಡೆಗೆ ಮುಖಮಾಡಿ ನಿಲ್ಲುತ್ತಾನೆ. ಬಾಟಲಿ ನೋಡುವುದಿಲ್ಲ, ಎಷ್ಟು ಉಳಿದಿದೆ ಎಂದು ಕೇಳುವುದಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆದರೆ ಮಾತ್ರೆ ನಾಲಿಗೆ ಮೇಲೆ ಬೀಳುತ್ತದೆ. ಈ ನಿಯಮ ಮಾಡಿದ್ದು ಸಮಿತಿಯಲ್ಲ, ಹುಡುಗರೇ.

ಹಾಗಾಗಿ ತಾನು ಏನು ನುಂಗುತ್ತಿದ್ದೇನೆಂದು ಸೈಕಲ್ ಒಮ್ಮೆಯೂ ನೋಡಿರಲಿಲ್ಲ.

"ಪೆನ್ಸಿಲ್, ಬಾಟಲಿ ತೆಗಿ," ಎಂದರು ಇನ್‌ಸ್ಪೆಕ್ಟರಮ್ಮ.

ಪೆನ್ಸಿಲ್ ಕಟ್ಟಡ ವಿನ್ಯಾಸ ಓದುವ ಹುಡುಗ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಈ ತಿಂಗಳಿಡೀ ಲೆಕ್ಕ ಬರೆಯುವ ಕೆಲಸ, ಜೊತೆಗೆ ಒಂದು ಕೀಲಿ ಅವನದು.

"ಹದಿನಾಲ್ಕು ಇದೆ. ಇಪ್ಪತ್ತರಲ್ಲಿ ಆರು ಕೊಟ್ಟಿದೀವಿ. ಶುಕ್ರವಾರ ಒಂದು, ಶನಿವಾರ ಎರಡು, ಭಾನುವಾರ ಎರಡು, ಸೋಮವಾರ ಬೆಳಿಗ್ಗೆ ಒಂದು. ಆಮೇಲೆ ಪರೀಕ್ಷೆ ಆಯ್ತು, ನಿಲ್ಲಿಸಿದ್ವಿ. ಸಮಿತಿಯವರು ಎರಡು ಸಲ ಎಣಿಸಿದಾರೆ."

"ಎಣಿಸಿದಾರೆ. ನೋಡಿಲ್ಲ."

ಆಕೆ ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡರು. ಬಿಳಿ, ಗುಂಡಗೆ, ನಡುವೆ ಒಂದು ಗೀಟು. ಜ್ವರ ಬಂದರೆ ಯಾವ ಅಂಗಡಿಯಲ್ಲೂ ಕೇಳಿದ ಕೂಡಲೇ ಕೊಡುವ ಸಾಧಾರಣ ಮಾತ್ರೆ. ಬಾಟಲಿಯ ಚೀಟಿಯಲ್ಲಿ ಹೆಸರಿದ್ದ ಕಂಪನಿ ಆ ನೋವಿನ ಮಾತ್ರೆಯನ್ನು ಹಳದಿ ಬಣ್ಣದಲ್ಲಿ ಬಿಟ್ಟು ಬೇರೆ ಬಣ್ಣದಲ್ಲಿ ಮಾಡಿದ್ದೇ ಇಲ್ಲ ಎಂಬುದು ಆಕೆಗೆ ತಮ್ಮ ಮನೆಯ ವಿಳಾಸದಷ್ಟೇ ಖಚಿತವಾಗಿ ಗೊತ್ತಿತ್ತು.

ಬಣ್ಣದ ಮಾತನ್ನು ಆಕೆ ಬಾಯಿಬಿಡಲಿಲ್ಲ.

"ಇದು ಆ ಮಾತ್ರೆ ಅಲ್ಲಪ್ಪ. ಯಾರೋ ಬದಲಾಯಿಸಿದ್ದಾರೆ."

ಪೆನ್ಸಿಲ್ ಕಿವಿಯಿಂದ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಇಟ್ಟ. "ಎರಡು ಕೀಲಿ ಇಲ್ಲದೆ ಪೆಟ್ಟಿಗೆ ತೆರೆಯೋಕೇ ಆಗಲ್ಲ ಮೇಡಂ."

"ನಿನ್ನ ಕೀಲಿ ಯಾರಿಗಾದ್ರೂ ಕೊಟ್ಟಿದ್ಯಾ?"

"ಇಲ್ಲ."

"ಒಂದು ನಿಮಿಷಕ್ಕೂ?"

"ಸ್ನಾನಕ್ಕೆ ಹೋಗ್ವಾಗ... ಕೀಲಿ ನೆನೆದ್ರೆ ತುಕ್ಕು ಹಿಡಿಯತ್ತೆ ಅಂತ..." ಅವನ ಮುಖ ಇಳಿಯಿತು. "ಭಾನುವಾರ. ಹತ್ತು ನಿಮಿಷ. ಆದ್ರೆ ಕೊಟ್ಟಿದ್ದು ಜಡ್ಜ್‌ಗೆ ಮೇಡಂ. ಜಡ್ಜ್ ಅಂದ್ರೆ ನಮಗೆ... ಜಡ್ಜ್‌ಗೆ ಕೊಟ್ಟರೆ ಪೆಟ್ಟಿಗೆಗೇ ಕೊಟ್ಟ ಹಾಗೆ."

ಭಾನುವಾರ ಬೆಳಿಗ್ಗೆಯೇ ಎರಡನೆಯ ಕೀಲಿಯ ಪಾಳಿಯೂ ಜಡ್ಜ್‌ಗೆ ಬಂದಿತ್ತು.

*

ಜಡ್ಜ್ ಕಾನೂನು ಓದುವವನು, ಮನೆಯ ಹುಡುಗರಲ್ಲಿ ಹಿರಿಯ. ಎರಡೂವರೆ ವರ್ಷದಿಂದ ಏನನ್ನೂ ಮುಟ್ಟಿಲ್ಲ. ಇಬ್ಬರ ಜಗಳದಲ್ಲಿ ಇಬ್ಬರ ಮಾತನ್ನೂ ಪೂರ್ತಿ ಕೇಳಿ ಆಮೇಲೆ ಬಾಯಿ ತೆರೆಯುತ್ತಾನೆಂದು ಆ ಹೆಸರು. ಇನ್‌ಸ್ಪೆಕ್ಟರಮ್ಮ ಬಂದಾಗ ಊಟದ ಮೇಜಿನ ಮೇಲೆ ಇಸ್ತ್ರಿ ಹಾಕುತ್ತಿದ್ದ. ಅಂಗಿ ಸೈಕಲ್‌ನದು.

"ನಾಳೆ ಸಮಿತಿ ಮುಂದೆ ಅವನು ಸುಕ್ಕು ಅಂಗೀಲಿ ನಿಲ್ಲಬಾರದು," ಎಂದ.

"ನಾಳೆ ಅವನು ನಿಲ್ಲಬೇಕಾಗಿರೋದೇ ನಿನ್ನಿಂದ ಅಲ್ವೇನಪ್ಪ?"

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಿತು. ಆಕೆಯೇ ಕೈ ಚಾಚಿ ಅದನ್ನು ಎತ್ತಿ ನೆಟ್ಟಗೆ ಇಟ್ಟರು.

"ಸುಟ್ಟೀತು. ಕೂತ್ಕೊ. ಭಾನುವಾರ ಪೆನ್ಸಿಲ್ ಸ್ನಾನಕ್ಕೆ ಹೋದಾಗ ಎರಡು ಕೀಲಿಯೂ ನಿನ್ನ ಕೈಲಿತ್ತು."

ಜಡ್ಜ್ ಕೂರಲಿಲ್ಲ. ಪುಸ್ತಕದೊಳಗಿಂದ ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. "ಬೆಳಿಗ್ಗೆ ಸಮಿತಿಗೆ ಕೊಡೋಣ ಅಂತ ಬರೆದಿಟ್ಟಿದ್ದೆ. ಮೊದಲೇ ಕೇಳಿದ್ರಿ, ನೀವೇ ಓದಿ."

ಆಕೆ ಓದಿದರು. ಭಾನುವಾರ ಒಂಬತ್ತೂ ಕಾಲಿಗೆ ಬಾಟಲಿಯಲ್ಲಿದ್ದ ಹದಿನಾರು ಮಾತ್ರೆ ತೆಗೆದು ಹದಿನಾರು ಜ್ವರದ ಮಾತ್ರೆ ಹಾಕಿದ್ದಾಗಿ ಬರೆದಿತ್ತು. ಕೆಳಗೆ ಸಹಿ, ತಾರೀಖು.

"ಯಾಕೆ?"

"ನನಗೆ ಶುರುವಾಗಿದ್ದು ಇಂಥದ್ದೇ ಬಾಟಲಿಯಿಂದ ಮೇಡಂ. ಹಲ್ಲು ಕೀಳಿಸಿದ್ದಕ್ಕೆ ಕೊಟ್ಟಿದ್ರು. ಹತ್ತು ಮಾತ್ರೆ. ಹನ್ನೊಂದನೇದಕ್ಕೆ ನಮ್ಮಪ್ಪನ ಗಡಿಯಾರ ಮಾರಿದೆ. ಇವನು ಎರಡು ವರ್ಷ ಹೊಡೆದಾಡಿ ಇಲ್ಲಿವರೆಗೆ ಬಂದಿದಾನೆ. ಒಂದು ಎಲುಬಿಗೋಸ್ಕರ ಅದೆಲ್ಲ ಹೋಗೋದನ್ನ ನೋಡ್ತಾ ಕೂರೋಕೆ ಆಗಲಿಲ್ಲ."

"ನೀನು ಡಾಕ್ಟರಾ?"

"ಅಲ್ಲ."

"ಅವನಿಗೆ ಕೇಳಿದ್ಯಾ?"

"ಕೇಳಿದ್ರೆ 'ಬೇಡ' ಅಂತಿದ್ದ. ನಮ್ಮಲ್ಲಿ ಯಾರನ್ನ ಕೇಳಿದ್ರೂ 'ಬೇಡ' ಅಂತಾನೇ ಹೇಳ್ತಾರೆ. ಅದಕ್ಕೇ ಕೇಳಲಿಲ್ಲ."

"ಮುರಿದಿದ್ದು ಅವನ ಎಲುಬು. ಹೆದರಿದ್ದು ನೀನು. ನಿನ್ನ ಹೆದರಿಕೆಗೆ ಅವನ ಕೈಲಿ ನೋವು ತಿನ್ನಿಸಿದ್ದೀಯ." ಇನ್‌ಸ್ಪೆಕ್ಟರಮ್ಮ ದನಿ ಏರಿಸಲಿಲ್ಲ. "ಮೇಲೆ ಹೋಗಿ ಅವನ ದಿಂಬು ನೋಡು ಒಂದ್ಸಲ."

ಜಡ್ಜ್‌ನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ಪರೀಕ್ಷೆ ಶುದ್ಧ ಬಂದು ಅವನ ತಲೆಗೇ ಕಟ್ತಾರೆ ಅಂತ ನನಗೆ ಹೊಳೀಲಿಲ್ಲ ಮೇಡಂ. ಈ ಮನೇಲಿ ಶುದ್ಧ ಬಂದು ಯಾರಿಗಾದ್ರೂ ಕೆಟ್ಟದಾಗಿದೆ ಅಂತ ಇವತ್ತಿನವರೆಗೆ ಕೇಳಿಲ್ಲ."

ಅದು ನಿಜವಾಗಿತ್ತು. ಇಂಥ ತಪ್ಪು ಇಂಥ ಮನೆಯಲ್ಲಿ ಮಾತ್ರ ಆಗಬಹುದಿತ್ತು. ಆದರೆ ಆಕೆಯ ತಲೆಯಲ್ಲಿ ಎರಡು ಸಂಗತಿಗಳು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿದ್ದವು.

ಒಂದು, ಭಾನುವಾರ ಬೆಳಿಗ್ಗೆಯವರೆಗೆ ಸೈಕಲ್ ನಾಲ್ಕು ಮಾತ್ರೆ ನುಂಗಿದ್ದ. ಅವು ಅಸಲಿಯಾಗಿದ್ದರೆ ಸೋಮವಾರ ಹನ್ನೊಂದರ ಪರೀಕ್ಷೆಯಲ್ಲಿ ಗುರುತು ಸಿಗದೆ ಇರುತ್ತಿರಲಿಲ್ಲ. ಇನ್ನೊಂದು, ನೋವು ಶುಕ್ರವಾರದಿಂದಲೇ ಇತ್ತು.

"ಪೆನ್ಸಿಲ್, ಇಲ್ಲಿ ಬಾರಪ್ಪ. ಶುಕ್ರವಾರ ಮೊದಲ ಮಾತ್ರೆ ತೆಗೆದಾಗ ಅದು ಹೇಗಿತ್ತು?"

"ಹೀಗೇ. ಬೆಳ್ಳಗೆ."

"ಭಾನುವಾರ ಸಂಜೆ?"

"ಬೆಳ್ಳಗೆ. ಬಣ್ಣ ಬದಲಾಗಿದ್ರೆ ನಾನು ಬರೀದೇ ಇರ್ತಿದ್ನಾ?"

ಆಕೆ ಜಡ್ಜ್ ಕಡೆ ತಿರುಗಿದರು. "ನೀನು ತೆಗೆದ ಹದಿನಾರು ಎಲ್ಲಿವೆ?"

"ಅಂಚೆ ಡಬ್ಬದಲ್ಲಿ."

ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಹಳೆಯ ಕಾಗದ ಹಾಕುವ ಕಿಂಡಿ ಹಾಗೇ ಉಳಿದಿತ್ತು. ಒಳಗೆ ಕಬ್ಬಿಣದ ಡಬ್ಬ. ಅದರ ಕೀಲಿ ಕಳೆದು ಇಪ್ಪತ್ತು ವರ್ಷವಾಗಿತ್ತು.

"ಅಲ್ಲೇ ಯಾಕೆ?"

"ಹಾಕಿದ್ರೆ ನಾನೂ ತೆಗೆಯೋಕೆ ಆಗಬಾರದಿತ್ತು," ಎಂದ ಜಡ್ಜ್.

ಇನ್‌ಸ್ಪೆಕ್ಟರಮ್ಮ ಅವನನ್ನೇ ಒಂದು ಗಳಿಗೆ ನೋಡಿದರು. ಮೂವತ್ತೊಂದು ವರ್ಷದಲ್ಲಿ ಆಕೆ ನೂರಾರು ಅಡಗುತಾಣಗಳನ್ನು ಕಂಡಿದ್ದರು. ಅಡಗಿಸಿದವನೇ ತನ್ನಿಂದ ಅಡಗಿಸಿದ್ದು ಇದೇ ಮೊದಲು.

ಡಬ್ಬ ಒಡೆಯಲು ಪೆನ್ಸಿಲ್‌ಗೆ ಉಳಿ, ಸುತ್ತಿಗೆ, ಕಾಲು ಗಂಟೆ ಬೇಕಾಯಿತು. "ನಾನು ಕಟ್ಟೋದು ಓದ್ತಿರೋದು ಮೇಡಂ, ಒಡೆಯೋದಲ್ಲ," ಎಂದು ಗೊಣಗುತ್ತಲೇ ಕೊನೆಯ ಏಟು ಹಾಕಿದ. ಧೂಳಿನ ಮೇಲೆ ಒಂದು ಲಕೋಟೆ ಬಿದ್ದಿತ್ತು. ಅಂಟಿಸಿದ ಜಾಗದ ಮೇಲೆ ಸಹಿ, ಹದಿನಾರು ಎಂಬ ಸಂಖ್ಯೆ. ಸಹಿಯ ಗೆರೆ ಎಲ್ಲೂ ಮುರಿದಿರಲಿಲ್ಲ.

ಆಕೆ ಬ್ಲೇಡಿನಿಂದ ಲಕೋಟೆಯ ಬದಿ ಸೀಳಿ ಬಿಳಿ ತಟ್ಟೆಗೆ ಸುರಿದರು.

ತಟ್ಟೆಯ ಬಿಳಿಯಲ್ಲಿ ಮಾತ್ರೆಗಳು ಕಾಣಲೇ ಇಲ್ಲ.

ಹದಿನಾರೂ ಬಿಳಿ. ಹದಿನಾರೂ ಗುಂಡಗೆ. ಜ್ವರದ ಮಾತ್ರೆ ತೆಗೆದು ಜ್ವರದ ಮಾತ್ರೆ ಹಾಕಿದ್ದ ಪಾಪದ ಹುಡುಗ.

ಅಂದರೆ ಬಾಟಲಿ ಪೆಟ್ಟಿಗೆಯೊಳಗೆ ಹೋಗುವ ಮೊದಲೇ ಯಾರೋ ಕೈಚಳಕ ತೋರಿಸಿದ್ದರು. ಇಪ್ಪತ್ತು ಜ್ವರದ ಮಾತ್ರೆಗಳನ್ನು ಬಿಡಿಬಿಡಿಯಾಗಿ ಜೇಬಿನಲ್ಲಿಟ್ಟುಕೊಂಡು ಯಾರೂ ಸುಮ್ಮನೆ ತಿರುಗುವುದಿಲ್ಲ. ಬಂದವರು ಸಿದ್ಧವಾಗಿಯೇ ಬಂದಿದ್ದರು.

ಆಸ್ಪತ್ರೆಯ ಔಷಧಿ ಅಂಗಡಿಯನ್ನು ಆಕೆ ನಿನ್ನೆಯೇ ಜಾಲಾಡಿದ್ದರು. ಬಾಟಲಿ ತುಂಬಿಸಿಕೊಟ್ಟವನ ಬಳಿಯ ದಾಸ್ತಾನು ಒಂದೂ ಹೆಚ್ಚುಕಡಿಮೆಯಿಲ್ಲದೆ ತಾಳೆಯಾಗಿತ್ತು. ಅಲ್ಲಿಂದ ಇಲ್ಲಿಗೆ ಬಾಟಲಿ ಬಂದದ್ದು ಒಬ್ಬರ ಕೈಚೀಲದಲ್ಲಿ.

*

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮನೆ ನೋಡಿಕೊಳ್ಳುವ ಹೆಂಗಸು, ಐವತ್ತರ ಹತ್ತಿರ. ಮೊದಲ ತಂಡದಲ್ಲಿ ಅವರ ಮೈದುನನಿದ್ದ. ಅವನು ಅತ್ತಿಗೆ ಎನ್ನುತ್ತಿದ್ದ, ಉಳಿದವರೂ ಹಾಗೇ ಕರೆದರು. ಅವರೂ ಕುಡಿತ ಬಿಟ್ಟು ಹನ್ನೊಂದು ವರ್ಷ. ಈ ಮನೆಯಿಂದ ಓದು ಮುಗಿಸಿ ಹೋದ ನಲವತ್ತಕ್ಕೂ ಹೆಚ್ಚು ಮಂದಿ ಇಂದಿಗೂ ಕಷ್ಟ ಬಂದರೆ ಮೊದಲು ಫೋನ್ ಮಾಡುವುದು ಅವರಿಗೆ.

"ಅತ್ತಿಗೆ," ಎಂದರು ಇನ್‌ಸ್ಪೆಕ್ಟರಮ್ಮ. ಮೂರು ದಿನದಲ್ಲಿ ಆಕೆಯ ಬಾಯಿಗೂ ಆ ಹೆಸರೇ ಹತ್ತಿತ್ತು. "ಶುಕ್ರವಾರ ಔಷಧಿ ಚೀಟಿ ಮೇಲಿನ ಸಮಯ ನಾಲ್ಕೂ ಐದು. ಗೇಟಿನ ಪುಸ್ತಕದಲ್ಲಿ ನೀವು ಬರೆದಿದ್ದು ಐದು ಗಂಟೆ. ಟ್ಯಾಕ್ಸಿಗೆ ಹದಿನೈದು ನಿಮಿಷ ಸಾಕು. ಉಳಿದ ನಲವತ್ತು ನಿಮಿಷ ಎಲ್ಲಿದ್ರಿ?"

"ಅದನ್ನ ಕೇಳಬೇಡಿ."

"ಕೇಳೋದೇ ನನ್ನ ಕೆಲಸ."

"ಹೇಳದೇ ಇರೋದು ನನ್ನ ಕೆಲಸ. ಈ ಮನೆಯವರು, ಈ ಮನೇಲಿದ್ದು ಹೋದವರು, ಯಾರು ಕರೆದ್ರೂ ಹೋಗ್ತೀನಿ. ಯಾರು ಕರೆದ್ರು ಅಂತ ಹೇಳಲ್ಲ. ಆ ಒಂದು ನಂಬಿಕೆ ಮೇಲೆ ಈ ಮನೆ ನಿಂತಿದೆ. ಅದು ಹೋದ ದಿನ ಯಾವ ಹುಡುಗನೂ ಯಾರ ಬಾಗಿಲನ್ನೂ ತಟ್ಟಲ್ಲ."

"ಹೇಳದಿದ್ರೆ ನಾಳೆ ಸೈಕಲ್ ಹೋಗ್ತಾನೆ. ಇಲ್ಲ, ಈ ಕಾಗದದ ದೆಸೆಯಿಂದ ಜಡ್ಜ್ ಹೋಗ್ತಾನೆ."

ಅತ್ತಿಗೆ ಮೇಜಿನ ಬಳಿ ಬಂದು ಜಡ್ಜ್‌ನ ಕಾಗದವನ್ನು ತಿರುಗಿಸಿದರು. ಹಿಂಬದಿ ಖಾಲಿ ಇತ್ತು. ಪೆನ್ಸಿಲ್‌ನ ಕಿವಿಯಿಂದ ಪೆನ್ಸಿಲ್ ಎಳೆದುಕೊಂಡರು.

"ನಾನೇ ತಗೊಂಡೆ ಅಂತ ಬರೆದುಕೊಡ್ತೀನಿ. ಹುಡುಗರು ಪರೀಕ್ಷೆ ಬರೀಲಿ."

"ಅತ್ತಿಗೆ, ಬೇಡ," ಎಂದ ಜಡ್ಜ್.

"ನೀನು ಸುಮ್ನಿರೋ. ಹಲ್ಲು ಕೀಳಿಸ್ಕೊಂಡವನು ಎಲುಬಿನ ಡಾಕ್ಟರಾಗೋಕೆ ಹೋಗಿ ಇಷ್ಟೆಲ್ಲ ಮಾಡಿದೀಯ."

ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಕೇಳಿದರು. "ನೀವು ತಗೊಂಡ ಮಾತ್ರೆ ನೋಡೋಕೆ ಹೇಗಿತ್ತು?"

"ಹೇಗಿರತ್ತೆ? ಹೀಗೇ. ಬೆಳ್ಳಗೆ."

ಹನ್ನೊಂದು ವರ್ಷದ ಗೌರವವನ್ನು ಒಂದು ಸುಳ್ಳಿಗೆ ಒತ್ತೆಯಿಡಲು ಹೊರಟ ಈ ಹೆಂಗಸು ಅಸಲಿ ಮಾತ್ರೆಯನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಸಮಿತಿಗೆ ಅದು ಗೊತ್ತಾಗಬೇಕಿಲ್ಲ. ಕಾಗದ ಕೊಟ್ಟರೆ ಇಬ್ಬರು ಹುಡುಗರೂ ಉಳಿಯುತ್ತಾರೆ. ಮನೆಗೆ ಅತ್ತಿಗೆ ಉಳಿಯುವುದಿಲ್ಲ. ಇನ್‌ಸ್ಪೆಕ್ಟರಮ್ಮ ಆ ಪೆನ್ಸಿಲ್‌ನ ಮೇಲೆ ಕೈಯಿಟ್ಟರು.

"ಅವರು ತಗೊಂಡಿಲ್ಲ."

ಮಾತು ಬಂದದ್ದು ಮೆಟ್ಟಿಲ ಮೇಲಿಂದ. ಸೈಕಲ್ ಕಂಬಿ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಶುಕ್ರವಾರ ಟ್ಯಾಕ್ಸಿ ಒಳಗೆ ನಾನೂ ಇದ್ದೆ ಮೇಡಂ. ಐದು ನಿಮಿಷ ಅಂತ ಹೇಳಿ ಅತ್ತಿಗೆ ಪಾರ್ಕಿನ ಹತ್ತಿರ ಇಳಿದ್ರು. ಬೆಂಚಿನ ಮೇಲೆ ಒಬ್ರು ಅಳ್ತಾ ಕೂತಿದ್ರು. ಅತ್ತಿಗೆ ಅವರಿಗೆ ನೀರು ತರೋಕೆ ಹೋದಾಗ ಚೀಲ ಬೆಂಚಿನ ಮೇಲೇ ಇತ್ತು."

"ಬಾಯಿ ಮುಚ್ಚೋ," ಎಂದರು ಅತ್ತಿಗೆ. ಮೂರು ದಿನದಲ್ಲಿ ಮೊದಲ ಸಲ ಅವರ ದನಿ ನಡುಗಿದ್ದನ್ನು ಇನ್‌ಸ್ಪೆಕ್ಟರಮ್ಮ ಕೇಳಿದರು. "ನೋಡಿದ್ದನ್ನ ನುಂಗಿಕೊಳ್ಳೋ ಮನೆ ಇದು. ನಿನಗೆ ನಾನು ಬೇರೆ ಹೇಳಿಕೊಡಬೇಕಾ?"

"ನಾನು ಹೆಸರು ಹೇಳಲ್ಲ ಅತ್ತಿಗೆ. ಹೇಳಿದ್ರೆ ನಾಳೆ ನಾನು ಉಳೀತೀನಿ. ಆದ್ರೆ ಆಮೇಲೆ ಅವರು ಮತ್ತೆ ಯಾರನ್ನೂ ಕರೆಯಲ್ಲ." ಅವನು ಇನ್‌ಸ್ಪೆಕ್ಟರಮ್ಮನ ಕಡೆ ನೋಡಿದ. "ಆದ್ರೆ ಅತ್ತಿಗೆ ಬರೆದ ಕಾಗದ ನೀವು ತಗೊಂಡು ಹೋದ್ರೆ, ನಾನು ಸಮಿತಿ ಬರೋವರೆಗೂ ಕಾಯಲ್ಲ. ಈಗಲೇ ಗೇಟ್ ದಾಟ್ತೀನಿ."

"ನೀನು ಹೆಸರು ಹೇಳೋದು ಬೇಡ," ಎಂದರು ಇನ್‌ಸ್ಪೆಕ್ಟರಮ್ಮ. "ಅವರನ್ನ ಬೇರೆ ಎಲ್ಲಾದ್ರೂ ನೋಡಿದ್ಯಾ ಅಂತ ಮಾತ್ರ ಹೇಳು."

ಸೈಕಲ್ ಅತ್ತಿಗೆಯನ್ನು ನೋಡಿದ. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು.

"ಸೋಮವಾರ ನೋಡಿದೆ. ನನ್ನ ಪರೀಕ್ಷೆ ಶುದ್ಧ ಬಂತು ಅಂತ ಸಮಿತಿ ಕೂತಿತ್ತಲ್ಲ, ಆ ಮೇಜಿನ ಆಚೆ ಕಡೆ."

ಇನ್‌ಸ್ಪೆಕ್ಟರಮ್ಮ ತಮ್ಮ ಚೀಲದಿಂದ ನೇಮಕದ ಪತ್ರವನ್ನು ಹೊರತೆಗೆದು ಬಿಡಿಸಿದರು. ಈ ತನಿಖೆ ಮಾಡಬೇಕೆಂದು, ನಾಳೆ ಹತ್ತರೊಳಗೆ ಸಿಕ್ಕಿದ್ದೆಲ್ಲವನ್ನೂ ತಂದು ತಮ್ಮ ಕೈಗೇ ಒಪ್ಪಿಸಬೇಕೆಂದು ಕೋರಿ ಸಮಿತಿಯ ಮೂವರೂ ಅದರ ಕೆಳಗೆ ಒತ್ತೊತ್ತಾಗಿ ಸಹಿ ಹಾಕಿದ್ದರು.